ದೇವರಿಗೆ ಬಿಟ್ಟ ಆಡು ಹಲಗೆ ಏರಿದ್ದು

ಬಾಯಿಗೆ ನುಡಿಯನ್ನು ಕೊಟ್ಟ ಪರಮಾತ್ಮನಿಗೆ ಮೊದಲ ನಮಸ್ಕಾರ. ಅಕ್ಷರ ತಿದ್ದಿಸಿದ ಗುರುಗಳಿಗೆ, ತಿದ್ದಿಸಿಕೊಳ್ಳಲು ನನ್ನೆದುರು ಕುಳಿತ ಮಕ್ಕಳಿಗೆ, ಐವತ್ತು ವರ್ಷ ನನ್ನ ಪೂಜೆಗೆ ಹೂವು ಬಿಡಿಸಿಟ್ಟ ಹೆಂಡತಿಗೆ ನಮಸ್ಕಾರ. ನುಡಿಯಿಲ್ಲದೆಯೇ ಕಲಿಯುವ, ಕಲಿತದ್ದನ್ನು ಬಿಡಲು ಬಾರದ ಜೀವಗಳಿಗೂ ನಮಸ್ಕಾರ. ಮೂರು ದಶಕಕ್ಕೂ ಮಿಕ್ಕಿ ಸಂಸ್ಕೃತ ಪಾಠ ಹೇಳಿದ ನಾನು, ಕಲಿಸುವುದೆಂದರೆ ಏನು ಎಂಬುದನ್ನು ಒಂದು ಆಡಿನಿಂದ ತಿಳಿದೆ. ತಿಳಿಸಿಕೊಟ್ಟದ್ದಕ್ಕೆ ಅದಕ್ಕೆ ಒದಗಿದ್ದನ್ನು ಮುಚ್ಚಿಡದೆ ಬರೆಯುವುದೊಂದೇ ನಾನು ಸಲ್ಲಿಸಬಹುದಾದ ಕೃತಜ್ಞತೆ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕೆಲವು ವರ್ಷಗಳ ಹಿಂದೆ ಹೆಂಡತಿಯ ಕಣ್ಣಿನ ಪೊರೆ ತೆಗೆಸಿದಾಗ ಗಾಯ ಕೀವಾಯಿತು. ಒಂದು ತಿಂಗಳು ಅವಳಿಗೆ ಬೆಳಕು ಕತ್ತಲೆಗಳ ಭೇದ ಮಾತ್ರ ತಿಳಿಯುತ್ತಿತ್ತು. ದೃಷ್ಟಿ ಮರಳಿದರೆ ದೇವರ ಹೆಸರಿನಲ್ಲಿ ಒಂದು ಆಡು ಬಿಡುತ್ತೇನೆಂದು ಅವಳು ಹರಕೆ ಹೊತ್ತಳು. ದೃಷ್ಟಿ ಮರಳಿತು. ಅವಳ ತವರು ತಿಕೋಟಾ. ಅಲ್ಲಿಯ ದ್ರಾಕ್ಷಿ ತೋಟದಿಂದ ಅವಳ ತಮ್ಮ ಮೂರು ತಿಂಗಳ ಹೆಣ್ಣು ಮರಿಯೊಂದನ್ನು ತಂದುಕೊಟ್ಟ. ಪೂಜಾರಿ ಅದರ ಹಣೆಗೆ ವಿಭೂತಿ ಹಚ್ಚಿ, ಬಲಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸಿ, ಬಿಟ್ಟುಬಿಟ್ಟ.

ಹಾಗೆ ಬಿಟ್ಟ ಪ್ರಾಣಿಗೆ ಕೆಲವು ಕಟ್ಟಳೆಗಳುಂಟು. ಅದನ್ನು ಯಾರೂ ಮಾರಬಾರದು, ಕೊಯ್ಯಬಾರದು, ಅದರ ಕೊರಳಿಗೆ ಹಗ್ಗ ಹಾಕಬಾರದು. ಕತ್ತರಿಸಿದ ಕಿವಿಯನ್ನು ನೋಡಿದ ಯಾವ ಕಟುಕನೂ, ಹಿಂದೂವಾಗಲಿ ಮುಸಲ್ಮಾನನಾಗಲಿ, ನಮ್ಮ ಸೀಮೆಯಲ್ಲಿ ಅದರ ಮೇಲೆ ಕೈ ಇಡುವುದಿಲ್ಲ. ಎದುರು ಮನೆಯ ಹಣ್ಣಿನ ವ್ಯಾಪಾರಿಯ ಮುದಿ ತಾಯಿ ದಿನವೂ ಅದಕ್ಕಾಗಿ ಕಲ್ಲಂಗಡಿಯ ಸಿಪ್ಪೆ ತೆಗೆದಿಡುತ್ತಿದ್ದಳು.

ನಮ್ಮ ಮನೆಯ ಕಟ್ಟೆ ಎತ್ತರ. ಮೆಟ್ಟಿಲುಗಳು ಸವೆದು ನುಣುಪಾಗಿದ್ದವು, ಮರಿ ಜಾರುತ್ತಿತ್ತು. ಇಳಿದು ಹೋಗಿ ತಿನ್ನಿಸಲು ಹೆಂಡತಿಗೆ ಮೊಣಕಾಲು ಬಾಗುತ್ತಿರಲಿಲ್ಲ. ಆದುದರಿಂದ ಹಳೆಯ ಮಂಚದ ಸಾಗವಾನಿ ಹಲಗೆಯೊಂದನ್ನು ಮೆಟ್ಟಿಲ ಮೇಲೆ ಓರೆಯಾಗಿ ಹಾಸಿದೆ. ಪೂಜೆ ಮುಗಿದ ಮೇಲೆ ಹಲಗೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ನೈವೇದ್ಯದ ಬೆಲ್ಲವನ್ನು ಮೊದಲ ದಿನ ಒಂದು ಗೇಣು ಮೇಲಿಟ್ಟೆ, ಮರುದಿನ ಎರಡು ಗೇಣು. ಹನ್ನೆರಡನೆಯ ದಿನ ಅದು ಹೊಸ್ತಿಲಿಗೆ ಬಂದಿತು. ತಿರುಗಿ ಇಳಿಯುವಾಗ ಜಾರೀತೆಂದು, ಪಡಸಾಲೆಯ ಬಲಬದಿಯ ಚಿಕ್ಕ ಬಾಗಿಲಿನಿಂದ ಹಿತ್ತಲಿಗೆ ಹೋಗುವುದನ್ನು ರೂಢಿ ಮಾಡಿಸಿದೆ. ಅಲ್ಲಿ ಎರಡನೆಯ ಚೂರು ಸಿಗುತ್ತಿತ್ತು. ದಿನವೂ ಕೊಟ್ಟಾಗ ಅದು ಸಾವಧಾನವಾಗಿ ಬರುತ್ತಿತ್ತು. ಎರಡು ದಿನ ಕೊಡದೆ ಮೂರನೆಯ ದಿನ ಕೊಟ್ಟು ನೋಡಿದೆ; ಓಡಿ ಬರತೊಡಗಿತು. ಕೊನೆಗೆ ಬೆಲ್ಲವೇ ಬೇಕಿರಲಿಲ್ಲ. ಹಲಗೆ ಸದ್ದಾದರೆ ಓಣಿಯ ಯಾವ ಮೂಲೆಯಲ್ಲಿದ್ದರೂ ತಲೆಯೆತ್ತಿ ಬಂದು, ಏರಿ, ಬಲಕ್ಕೆ ಹೊರಳಿ, ಚಿಕ್ಕ ಬಾಗಿಲಿನ ಮುಂದೆ ನಿಲ್ಲುತ್ತಿತ್ತು.

ಎದುರು ಮನೆಯ ಎರಡು ಆಡುಗಳು ಕೆಳಗೆ ನಿಂತು ಇದನ್ನು ದಿನವೂ ನೋಡುತ್ತಿದ್ದವು. ಒಂದು ಬೆಳಿಗ್ಗೆ, ಒಮ್ಮೆಯೂ ಬೆಲ್ಲ ಕಾಣದ ಆ ಎರಡೂ ಅದರ ಹಿಂದೆ ಹಲಗೆ ಏರಿಬಂದವು. ಹೆಂಡತಿ ಕಸಬರಿಗೆ ಹಿಡಿದು ಎದ್ದಳು.

"ನಿಮ್ಮನ್ಯಾರ ಕರದಾರ ಬೇ? ಇಳೀರಿ, ಇಳೀರಿ! ಮಾಸ್ತರ್ರು ಸಾಲಿ ತಗದಾರ ನೋಡು, ಓಣ್ಯಾಗಿನ ಆಡೆಲ್ಲಾ ಹೆಸರ ಹಚ್ಚಾಕ ಬಂದಾವ!"

ಎದುರು ಕಟ್ಟೆಯಿಂದ ಮುದುಕಿ ಕೂಗಿದಳು: "ನಮ್ಮವಕ್ಕೂ ನಾಕ ಅಕ್ಷರ ಸಂಸ್ಕೃತ ಹೇಳ್ರಿ ಮಾಸ್ತರ! ಫೀ ಏನ, ದಿನಾ ಎರಡ ಬೊಗಸಿ ಹಿಕ್ಕಿ ಕೊಡತಾವ."

ನಾನೂ ನಕ್ಕೆ.

ಸಾರವಾಡದ ಒಬ್ಬ ಶಿಷ್ಯ ನನ್ನನ್ನು ನೋಡಲು ಬಂದದ್ದು ಆ ದಿನಗಳಲ್ಲಿ. ಬಬಲೇಶ್ವರದ ಕಡೆಯ ಪ್ರೌಢಶಾಲೆಯಲ್ಲಿ ನನ್ನ ಕೈಕೆಳಗೆ ಓದಿದವನು. ಶಬ್ದರೂಪಗಳನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ಈಗ ನಲವತ್ತು ದಾಟಿದ ಕುರಿ ವ್ಯಾಪಾರಿ. ಪಾದ ಮುಟ್ಟಿ ಕುಳಿತವನು ಆಡು ಹಲಗೆ ಏರುವುದನ್ನು ನೋಡಿ ಮಾತು ನಿಲ್ಲಿಸಿದ.

"ಸರ್ರ, ಇನ್ನೊಮ್ಮಿ ಬಡೀರಿ, ನೋಡೂನು."

ತಟ್ಟಿದೆ. ಏರಿತು. ಮತ್ತೊಮ್ಮೆ ತಟ್ಟಿಸಿದ. ಅವನ ದೃಷ್ಟಿ ಆಡಿನ ಮೇಲಿತ್ತೋ, ಅದರ ಹಿಂದೆ ಏರಿದ ಎದುರು ಮನೆಯ ಆಡುಗಳ ಮೇಲಿತ್ತೋ, ಆಗ ನಾನು ವಿಚಾರಿಸಲಿಲ್ಲ. ಗುಡಿಯ ಮುಂದಿನ ಹೂವಿನವರು ಅದು ಮಾಲೆ ತಿನ್ನುತ್ತದೆಂದು ದೂರುತ್ತಿದ್ದ ಸಮಯ. ಹೊಲದಲ್ಲಿಟ್ಟು ಸಾಕುತ್ತೇನೆಂದು ಅವನು ಕೇಳಿದ. ಹೆಂಡತಿ ಒಪ್ಪಿದಳು.

"ಹಗ್ಗ ಹಾಕಬ್ಯಾಡಪಾ. ಹೊಡೀಬ್ಯಾಡ."

"ಯವ್ವಾ, ಅದು ದೇವರದೈತಿ. ಬೆಲ್ಲಾ ತಿನಿಸಿ ಸಾಕತೇನಿ."

ಈ ಮೂರು ಮಾತುಗಳಲ್ಲಿ ಒಂದನ್ನೂ ಅವನು ಮುರಿಯಲಿಲ್ಲ.

ಆರು ತಿಂಗಳ ಮೇಲೆ ಬಬಲೇಶ್ವರದಲ್ಲಿ ಪ್ರವಚನ ಹೇಳಲು ಹೋಗಿದ್ದೆ. ಅಂದು ಕುರಿ ಸಂತೆ. ಆಡು ಹೇಗಿದೆಯೆಂದು ಶಿಷ್ಯನನ್ನು ಕೇಳಿ, ಹೆಂಡತಿಗೆ ಹೇಳೋಣವೆಂದು ಸಂತೆಯೊಳಗೆ ನಡೆದೆ. ಒಂದು ಲಾರಿ ಹಿಂಬದಿಯ ಬಾಗಿಲು ತೆರೆದು ನಿಂತಿತ್ತು. ನೆಲದಿಂದ ಅದರೊಳಕ್ಕೆ ಅಗಲವಾದ ಹಲಗೆ ಇಳಿಬಿಟ್ಟಿದ್ದರು. ಕೆಳಗೆ ಅರವತ್ತು ಎಪ್ಪತ್ತು ಕುರಿಗಳು ಒಂದಕ್ಕೊಂದು ತಲೆ ತುರುಕಿ ನಿಂತಿದ್ದವು. ಹಿಂದಿನ ವಾರ ಹೋದ ಕುರಿಗಳ ಉಚ್ಚೆಯೂ ಹೆದರಿಕೆಯೂ ಆ ಹಲಗೆಗೆ ಮೆತ್ತಿದ್ದಿರಬೇಕು; ಒಂದೂ ಅದರ ಮೇಲೆ ಕಾಲಿಡಲೊಲ್ಲದು. ಆಗ ಯಾರೋ ಹಲಗೆಯನ್ನು ಕೋಲಿನಿಂದ ಎರಡು ಸಲ ತಟ್ಟಿದರು.

"ಸ್ವಾಮ್ಯಾರು ಬಂದ್ರು, ಹಾದಿ ಬಿಡ್ರಲೇ!" ಎಂದು ತುಂಬುವ ಆಳೊಬ್ಬ ಕೂಗಿದ.

ಗುಂಪನ್ನು ಸೀಳಿಕೊಂಡು, ಹಣೆಯಲ್ಲಿ ವಿಭೂತಿ, ಕತ್ತರಿಸಿದ ಬಲಗಿವಿ, ನಮ್ಮ ಆಡು ಬಂದಿತು. ಯಾವ ಕಡೆಗೂ ನೋಡದೆ ಹಲಗೆ ಏರಿತು. ಅದರ ಬಾಲ ನೋಡಿಕೊಂಡು ಮೊದಲ ಕುರಿ ಏರಿತು, ಆಮೇಲೆ ಎರಡು, ಆಮೇಲೆ ಎಲ್ಲವೂ, ನೀರು ಹರಿದಂತೆ. ಲಾರಿಯ ಮುಂಭಾಗದಲ್ಲಿ, ಬಲಬದಿಗೆ, ಮರದ ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲು ಕೊರೆಸಿದ್ದರು. ಆಡು ಬಲಕ್ಕೆ ಹೊರಳಿ ಅದರಿಂದ ಹೊರಬಂದಿತು. ಬೆಲ್ಲ ತಿಂದಿತು. ಬಾಗಿಲು ಮುಚ್ಚಿತು.

"ಹಿಂದ ಹೋದವರಿಗೆ ಕೈಲಾಸ, ಮುಂದ ಹೋದವರಿಗೆ ಬೆಲ್ಲ!" ಎಂದು ಆ ಆಳು ಮತ್ತೆ ಕೂಗಿದ. ಜನ ನಕ್ಕರು. ಲಾರಿ ಕನಮಡಿಯ ದಾರಿ ಹಿಡಿದು ಮಹಾರಾಷ್ಟ್ರದ ಕಸಾಯಿಖಾನೆಗಳ ಕಡೆಗೆ ಹೊರಟಿತು. ಇನ್ನೊಂದು ಲಾರಿ ಬಂದು ನಿಂತಿತು.

ನನ್ನನ್ನು ಕಂಡ ಶಿಷ್ಯ ಓಡಿಬಂದು ಪಾದ ಮುಟ್ಟಿದ. ಅವನ ಮುಖದಲ್ಲಿ ನಾಚಿಕೆಯ ಎಳೆಯಿರಲಿಲ್ಲ.

"ನೋಡಿದ್ರ್ಯಾ ಸರ್ರ? ಮದಲ ಕುರಿ ಕಾಲ ಹಿಡದ ಎಳೀತಿದ್ವಿ, ಹಲ್ಲ ಉದರತಿದ್ದುವು. ಈಗ ಒಂದಕ್ಕೂ ಏಟ ಬೀಳಂಗಿಲ್ಲ. ಬ್ಯಾರೆ ಆಡು ಕಲಿಸಿದ್ರ ಯಾರರೆ ತಪ್ಪಿ ಕೊಯ್ದ ಬಿಡತಾರ. ಇದು ದೇವರದು ನೋಡ್ರಿ, ಯಾರೂ ಮುಟ್ಟಂಗಿಲ್ಲ."

"ಇಂಥಾ ಬುದ್ಧಿ ನಿನಗ ಯಾರು ಕಲಿಸಿದ್ರೋ?"

ಅವನು ಆಶ್ಚರ್ಯಪಟ್ಟ. "ನೀವಾ ಅಲ್ಲೇನ್ರಿ ಸರ್ರ?"

ಹಲಗೆ, ಬೆಲ್ಲಗಳ ಮಾತಾಡುತ್ತಾನೆಂದುಕೊಂಡೆ. ಅವನು ಆಡುತ್ತಿದ್ದುದು ತರಗತಿಯ ಮಾತು.

"ಶಬ್ದ ತಪ್ಪಿದವರನ್ನ ಸಾಲಾಗಿ ನಿಂದರಸತಿದ್ರಿ. ಬೆತ್ತಾ ನೋಡಿ ಒಬ್ಬನೂ ಕೈ ಮುಂದ ಮಾಡತಿದ್ದಿಲ್ಲ. ಆಗ ನನ್ನ ಕರೀತಿದ್ರಿ. ನಾ ತಪ್ಪಿರತಿದ್ದಿಲ್ಲ, ಖರೇ ಅಂದ್ರ. ನನ್ನ ಕೈಗೆ ಬೆತ್ತಾ ಬರೇ ಮುಟ್ಟಸತಿದ್ರಿ. ನಾ ಅಳತಿದ್ದಿಲ್ಲ. ಇವಗೇನೂ ಆಗಲಿಲ್ಲಂತ ಉಳದವ್ರು ತಾವಾ ಕೈ ಚಾಚತಿದ್ರು."

ಅದು ನಿಜ. ಓಡುವ ಹುಡುಗರನ್ನು ಬೆನ್ನಟ್ಟಿ ಹಿಡಿಯುವುದು ಗುರುವಿಗೆ ಶೋಭಿಸದೆಂದು ನಾನು ಕಂಡುಕೊಂಡ ಉಪಾಯ. ಚಾಚಿದ ಆ ಕೈಗಳ ಮೇಲೆ ಬೆತ್ತ ಪೂರ್ಣವಾಗಿ ಬೀಳುತ್ತಿತ್ತು. ರೊಟ್ಟಿ ಮುರಿಯಲಾಗದೆ ಬುತ್ತಿಯನ್ನು ಹಾಗೆಯೇ ಮನೆಗೆ ಒಯ್ದ ಮಕ್ಕಳಿದ್ದರು. ಮೊದಲು ಬಂದವನಿಗೆ ಬೆಳಗಿನ ನೈವೇದ್ಯದ ಕಲ್ಲುಸಕ್ಕರೆ ಕೊಡುತ್ತಿದ್ದೆ. ಅದನ್ನು ಪ್ರಸಾದವೆಂದೇ ನಾನು ತಿಳಿದಿದ್ದೆ.

"ಸಾಲಿ ಬಿಟ್ಟ ಮ್ಯಾಲ ಅವರೆಲ್ಲಾ ಕೂಡಿ ನನ್ನ ಬಡೀತಿದ್ರು ಸರ್ರ," ಎಂದು ಅವನು ನಗುತ್ತಲೇ ಹೇಳಿದ. "ಬಾಯಾಗ ಕಲ್ಲಸಕ್ರಿ ಇರತಿತ್ತು. ಎಷ್ಟ ಬಡದ್ರೂ ಉಗಳತಿದ್ದಿಲ್ಲ ನಾ."

ನಾನು ಮನೆಗೆ ಬಂದೆ. "ನಮ್ಮ ಆಡು ಹ್ಯಾಂಗೈತ್ರಿ?" ಎಂದು ಹೆಂಡತಿ ಕೇಳಿದಳು. ದಷ್ಟಪುಷ್ಟವಾಗಿದೆ ಎಂದೆ, ಅದೂ ನಿಜ. ತನ್ನ ಕಣ್ಣಿಗಾಗಿ ಬಿಟ್ಟ ಜೀವ ಎಲ್ಲಿಗೆ ದಾರಿ ತೋರಿಸುತ್ತಿದೆಯೆಂಬುದು ಅವಳಿಗೆ ತಿಳಿಯುವ ಮೊದಲು ಅದನ್ನು ಬಿಡಿಸಿ ತರಬೇಕೆಂಬುದೊಂದೇ ನನಗೆ ಉಳಿದ ಚಿಂತೆ.

ಮುಂದಿನ ಸಂತೆಗೆ ಹೋಗಿ ಶಿಷ್ಯನಲ್ಲಿ ಎರಡು ಬೇಡಿಕೆಗಳನ್ನಿಟ್ಟೆ. ಆಡನ್ನು ಮರಳಿ ಕೊಡಬೇಕು. ಲಾರಿಯ ಚಿಕ್ಕ ಬಾಗಿಲಿಗೆ ಮೊಳೆ ಹೊಡೆಯಬೇಕು, ಇನ್ನಾವ ಪ್ರಾಣಿಯಿಂದಲೂ ಈ ಕೆಲಸ ಮಾಡಿಸಲಾಗದಂತೆ. ಅವನು ಒಂದು ಕ್ಷಣವೂ ವಾದಿಸಲಿಲ್ಲ. "ಗುರುದಕ್ಷಿಣಿ ಅಂತ ತಿಳೀರಿ," ಎಂದವನೇ ಸುತ್ತಿಗೆ ತರಿಸಿ, ನನ್ನ ಕಣ್ಣ ಮುಂದೆ, ತನ್ನ ಕೈಯಿಂದಲೇ ನಾಲ್ಕು ಮೊಳೆ ಹೊಡೆದ. ಆಡನ್ನು ತಂದು ನನ್ನ ಬಳಿ ನಿಲ್ಲಿಸಿದ. ಅದು ನನ್ನ ಗುರುತು ಹಿಡಿದು ಧೋತರದ ಸೆರಗು ಕಚ್ಚಿತು.

"ಸರ್ರ, ಗಾಡಿ ತುಂಬೂತನಕ ಇದನ್ನ ಕಟ್ರಿ. ಹಗ್ಗ ಕೊಡತೇನಿ."

"ದೇವರದಕ್ಕ ಹಗ್ಗ ಹಾಕಬಾರದು."

"ಒಂದ ತಾಸಿನ ಮಾತರಿ. ಅದಕ್ಕ ಹಲಗಿ ಸಪ್ಪಳಾ ಅಂದ್ರ ಜೀವ."

"ಹರಕಿ ಮುರೀತೈತಿ. ನಾ ಹಿಡಕೊಂಡ ಕೂಡ್ರತೇನಿ, ನೀ ಹೋಗು."

ಅವನು ಸಂತೆಯ ಆಚೆ ತುದಿಗೆ ಹೋದ. ವಿಜಯಪುರದಿಂದ ಬರಬೇಕಾದ ಆಟೋ ತಡವಾಗಿತ್ತು. ಬೇವಿನ ಮರದ ಕೆಳಗೆ ಕುಳಿತು ಆಡನ್ನು ಮೊಣಕಾಲಿಗೆ ಒರಗಿಸಿಕೊಂಡೆ. ಸೂರ್ಯ ನೆತ್ತಿಗೆ ಬಂದ. ನನ್ನ ಕೈ ತಾನಾಗಿ ಜಪಮಾಲೆಗೆ ಹೋಯಿತು. ಉಪನಯನದಂದಿನಿಂದ ನೆರಳು ಕಾಲಕೆಳಗೆ ಬಂದ ಹೊತ್ತಿಗೆ ಈ ಕೈ ಹಾಗೆ ಹೋಗುತ್ತದೆ. ಬಸ್ಸಿನಲ್ಲಿದ್ದರೂ, ಸಾವಿನ ಮನೆಯಲ್ಲಿದ್ದರೂ. ಒಂದು ಕೈಯಿಂದ ಆಡಿನ ಬೆನ್ನು ಸವರುತ್ತ ಕಣ್ಣು ಮುಚ್ಚಿದೆ.

ಲಾರಿ ತುಂಬತೊಡಗಿದ್ದು ಕೇಳಿಸಿತು. ಮುಂದೆ ಹೋಗುವ ಆಡಿಲ್ಲದ ಕುರಿಗಳು ಏರಲೊಲ್ಲವು. ಆಳುಗಳ ಬೈಗುಳ, ಕುರಿಗಳ ಅರಚಾಟ. ಒಂದು ಕೋಲು ಹಲಗೆಗೆ ಬಡಿಯಿತು, ಮತ್ತೊಮ್ಮೆ ಬಡಿಯಿತು. ಮೊಣಕಾಲಿಗೆ ಒರಗಿದ್ದ ಬೆಚ್ಚನೆಯ ಭಾರ ಎದ್ದು ಹೋಯಿತು.

ನನಗೆ ತಿಳಿಯಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ತಿಳಿಯಿತು. ಮಾಲೆಯಲ್ಲಿ ಇನ್ನೂ ಮೂವತ್ತರಷ್ಟು ಮಣಿಗಳಿದ್ದವು. ನಡುವೆ ಕಣ್ಣು ತೆರೆದರೆ ಜಪ ಭಂಗವಾಗುತ್ತದೆಂದು ಎಂಟನೆಯ ವರ್ಷದಲ್ಲಿ ನನಗೆ ಕಲಿಸಿದ್ದರು. ತೆರೆದಾಗಲೆಲ್ಲ ಕಿವಿ ಹಿಂಡಿ ಕಲಿಸಿದ್ದರು. ಎಲ್ಲಿ ಹೋದೀತು, ಇಲ್ಲೇ ಸುತ್ತಮುತ್ತ ಮೇಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಮಣಿಗಳನ್ನು ಅವಸರಿಸದೆ ಮುಗಿಸಿ, ಮಾಲೆಯನ್ನು ಕಣ್ಣಿಗೊತ್ತಿಕೊಂಡು, ಕಣ್ಣು ತೆರೆದೆ. ಲಾರಿಯ ಮುಂದೆ ನೆಲದ ಮೇಲೆ ಒಂದು ಕುರಿಯೂ ಇರಲಿಲ್ಲ. ಆಳುಗಳು ಹಲಗೆ ಎತ್ತುತ್ತಿದ್ದರು.

"ಆಡು ಎಲ್ಲೈತಿ?" ಎಂದು ಕೂಗಿದೆ.

"ಎಂದಿನಂಗ ಮುಂದ ಹೋತಲ್ರಿ," ಎಂದ ಬಾಗಿಲು ತೆಗೆಯುವ ಆಳು. "ಬಾಗಲಕ್ಕ ಯಾರೋ ಮೊಳಿ ಜಡದಾರ. ಜಗ್ಗಿದೆ, ಬರಲಿಲ್ಲ. ಹಿಂದಿನಿಂದ ಬರತೈತಿ ಬಿಡು ಅಂದಕೊಂಡೆ."

ಶಿಷ್ಯ ಓಡಿ ಬಂದು ಹಲಗೆ ಇಳಿಸಿದ. ಕುರಿಗಳು ಇಳಿಯಲಿಲ್ಲ. ಏರುವುದನ್ನು ಅವು ನೋಡಿ ಕಲಿತಿದ್ದವು. ಇಳಿದುದನ್ನು ಅವು ಎಂದೂ ನೋಡಿರಲಿಲ್ಲ. ಹೊರಗಿನಿಂದ ಕೂಗಿದಷ್ಟೂ ಅವು ಹಿಂದಕ್ಕೆ, ಲಾರಿಯ ಮುಂಭಾಗಕ್ಕೆ, ಆಡು ಸಿಕ್ಕಿಕೊಂಡಿದ್ದ ಮೂಲೆಗೆ, ಒತ್ತಿಕೊಂಡವು. ಕಾಲು ಹಿಡಿದು ಒಂದೊಂದನ್ನೇ ಎಳೆದು ಹಾಕಬೇಕಾಯಿತು. ಶಿಷ್ಯ ಸುತ್ತಿಗೆ ಹಿಡಿದು ಹೊರಗಿನಿಂದ ಮೊಳೆ ಕೀಳತೊಡಗಿದ. ಗಟ್ಟಿಯಾಗಿ ಹೊಡೆದಿದ್ದ, ಬೇಗ ಬರಲಿಲ್ಲ. ಮೂರನೆಯ ಮೊಳೆ ಬರುವವರೆಗೆ ಒಳಗಿನಿಂದ ಮರವನ್ನು ಕೆರೆಯುವ ಸದ್ದು ಇತ್ತು. ನಾಲ್ಕನೆಯದು ಬಂದಾಗ ಇರಲಿಲ್ಲ.

ಬಾಗಿಲು ತೆರೆದಾಗ ಅದು ಅಲ್ಲಿಯೇ ಇತ್ತು. ಮುಂಗಾಲು ಮಡಚಿ, ಬಾಗಿಲಿನ ಸಂದಿಗೆ ಮೂತಿ ಹಚ್ಚಿ. ಒಂದು ಗೊರಸು ಕಿತ್ತು ಬಂದಿತ್ತು.

"ಬಾಗಲಾ ತಗೀತಾರಂತ ನಿಂತಿತ್ತರಿ ಪಾಪ," ಎಂದ ಆ ಆಳು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಎಳೆದು ಹಾಕಿದ ಕುರಿಗಳನ್ನು ಮತ್ತೆ ಕಾಲು ಹಿಡಿದು ಎಳೆದು ಲಾರಿಗೆ ತುಂಬಿದರು. ಹಲ್ಲು ಉದುರುವುದೆಂದರೇನೆಂಬುದನ್ನು ಅಂದು ನೋಡಿದೆ.

ಶಾಲಿನಲ್ಲಿ ಸುತ್ತಿ ಮನೆಗೆ ತಂದೆ. ಹೆಂಡತಿ ಶಾಲು ಬಿಡಿಸಿ, ಗೊರಸನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಏನನ್ನೂ ಬಿಡದೆ ಹೇಳಿದೆ. ತರಗತಿಯ ಮಾತನ್ನೂ, ಉಳಿದಿದ್ದ ಮಣಿಗಳ ಮಾತನ್ನೂ.

"ಹಗ್ಗ ಹಾಕಬಾರದಿತ್ತು, ಖರೆ," ಎಂದಳು. "ಕಣ್ಣ ತಗೀಬಾರದು ಅಂತ ಯಾವ ದೇವರು ಹೇಳಿದ್ದಾ? ನಾ ಕಣ್ಣ ಬೇಡಿ ಅದನ್ನ ಬಿಟ್ಟಿದ್ದೆ. ನೀವು ಕಣ್ಣ ಮುಚ್ಚಿ ಅದನ್ನ ಕೊಂದ್ರಿ."

ಆಮೇಲೆ ಅವಳು ನನಗೆ ಊಟಕ್ಕೆ ಬಡಿಸಿದಳು. ನಾನು ಉಂಡೆ. ತಿಕೋಟಾದ ತೋಟದ ಬದುವಿನಲ್ಲಿ ಅದನ್ನು ಮಣ್ಣು ಮಾಡಿದೆವು. ಅಂದಿನಿಂದ ಅವಳು ನನ್ನ ಪೂಜೆಗೆ ಹೂವು ಬಿಡಿಸಿಲ್ಲ. ಕೇಳುವ ಧೈರ್ಯ ನನಗೆ ಬಂದಿಲ್ಲ.

ಹದಿನೈದು ದಿನಗಳ ಮೇಲೆ ಶಿಷ್ಯನ ಫೋನು ಬಂದಿತು.

"ಸರ್ರ, ಒಂದ ಅಗಾಧ ಆಗೇತಿ. ಸಂತ್ಯಾಗ ಮಾರಾಕಂತ ಕಟ್ಟಿದ್ದೆ, ಒಂದ ಎಳೇ ಆಡು. ವಾರಾ ವಾರಾ ಇದನ್ನೆಲ್ಲಾ ನೋಡತಿತ್ತು ಕಾಣಸತೈತಿ. ನಿನ್ನೆ ಹಲಗಿ ಇಳಸಿದ್ದ ತಡಾ, ಹಗ್ಗ ಹರಕೊಂಡ ಬಂದು ಏರಿ ಬಿಟ್ಟೈತಿ. ಕುರಿ ಅದರ ಹಿಂದ. ಬೆಲ್ಲಾ ಸೈತ ಯಾರೂ ತೋರಸಿಲ್ರಿ ಇದಕ್ಕ."

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಬಾಗಲಕ್ಕ ಮತ್ತ ಮೊಳಿ ಹೊಡದಿಲ್ರಿ ಸರ್ರ, ತಪ್ಪ ತಿಳೀಬ್ಯಾಡ್ರಿ. ಮುಚ್ಚಿದ್ರ ಇದೂ ಒಳಗಾ ಸಾಯತೈತಿ. ಆದ್ರ ಇದರ ಕಿವಿ ಇನ್ನೂ ಕೊಯ್ದಿಲ್ಲ. ನೀವು ಬಂದು ಮಂತ್ರಾ ಹೇಳಿ ದೇವರ ಹೆಸರ ಹಾಕಿದ್ರ ಉಳೀತೈತಿ. ಇಲ್ಲಾಂದ್ರ ಒಂದ ದಿನಾ ಯಾರರೆ ತಪ್ಪಿ ಒಯ್ತಾರ."

ಎರಡು ದಿನ ಯೋಚಿಸಿದೆ. ಹೋಗದಿದ್ದರೆ ಒಂದು ಆಡು ಸಾಯುತ್ತದೆ. ಹೋದರೆ ಅದು ಬದುಕಿ, ವಾರವಾರವೂ ನನ್ನ ಮಂತ್ರದ ರಕ್ಷೆಯಲ್ಲಿ, ಕುರಿಗಳಿಗೆ ದಾರಿ ತೋರಿಸುತ್ತದೆ. ಕುರಿಗಳಿಗೆ ಹಲ್ಲು ಉದುರುವುದೊಂದು ತಪ್ಪುತ್ತದೆ. ಹೆಂಡತಿಯನ್ನು ಕೇಳಿದೆ. ಅವಳು ತಲೆಯೆತ್ತದೆ, "ಕೊಯ್ಯಾಕ ಹೊಂಟಿದ್ದು ಅದರ ಕಿವಿ. ನಿಮಗೇನು ನೋವು?" ಎಂದಳು.

ಹೋದೆ. ಎಳೆಯ ಆಡು ನಡುಗುತ್ತಿತ್ತು. ಶಿಷ್ಯ ಅದರ ತಲೆ ಹಿಡಿದ. ಈ ಸಲ ನಾನು ಕಣ್ಣು ಮುಚ್ಚದೆ ಮಂತ್ರ ಹೇಳಿದೆ. ಕತ್ತರಿ ಆಡಿತು. ಆಡು ಒಮ್ಮೆ ಕೂಗಿ ಸುಮ್ಮನಾಯಿತು. ಸುತ್ತ ಕಟ್ಟಿದ್ದ ಇನ್ನೂ ನಾಲ್ಕಾರು ಮರಿಗಳು ಮೇವು ಬಿಟ್ಟು, ಕಿವಿ ನಿಮಿರಿಸಿ, ನಮ್ಮನ್ನೇ ನೋಡುತ್ತಿದ್ದವು.

ಆ ಮರಿಗಳಿಗೆ ಒಳ್ಳೆಯದಾಗಲಿ. ಹಲಗೆ ಏರಿದ ಕುರಿಗಳಿಗೆ ಮುಂದಿನ ಜನ್ಮವೆಂಬುದಿದ್ದರೆ ಅಲ್ಲಿ ಅವುಗಳ ಮುಂದೆ ಯಾರೂ ನಡೆಯದಿರಲಿ. ಹಲಗೆ ತಟ್ಟಿದ ಆಳುಗಳ ತೋಳಿಗೆ ಬಲವಿರಲಿ, ಮನೆಯಲ್ಲಿ ರೊಟ್ಟಿಯಿರಲಿ. ನನ್ನ ಶಿಷ್ಯ ನೂರು ವರ್ಷ ಬಾಳಲಿ. ನನ್ನಿಂದ ಕಲಿತದ್ದರಲ್ಲಿ ಶಬ್ದರೂಪಗಳಷ್ಟೇ ಅವನಲ್ಲಿ ಉಳಿಯಲಿ. ಕೈ ಚಾಚಿ ನಿಂತಿದ್ದ ಆ ಮಕ್ಕಳು ಎಲ್ಲಿದ್ದರೂ ಅವರ ಅಂಗೈಗಳು ತಣ್ಣಗಿರಲಿ. ನನ್ನ ಹೆಂಡತಿಯ ದೃಷ್ಟಿ ಕಡೆಯವರೆಗೆ ನಿರ್ಮಲವಾಗಿರಲಿ, ಅವಳು ನೋಡುವುದು ನನ್ನನ್ನೇ ಆದರೂ. ಸರ್ವರಿಗೂ ಮಂಗಳವಾಗಲಿ.